ಅಂಕಣಕ್ಕೆ ಆರು ಗುಂಟೆ, ಕಾರಿಗೆ ಆರು ಎಕರೆ

ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದಲ್ಲಿ ಚಾಪೆಲ್ ಹಿಲ್ ಎಂಬ ಊರಿದೆ. ಅಲ್ಲಿನ ವಿಶ್ವವಿದ್ಯಾಲಯದವರಿಗೆ ಬ್ಯಾಸ್ಕೆಟ್‌ಬಾಲ್ ಅಂದರೆ ನಮ್ಮ ನಂಜನಗೂಡಿನವರಿಗೆ ದೊಡ್ಡ ಜಾತ್ರೆ ಇದ್ದ ಹಾಗೆ. ಪಂದ್ಯದ ದಿನ ಊರಿನಲ್ಲಿ ಬೇರೆ ಮಾತಿಲ್ಲ. ಮೊಮ್ಮಕ್ಕಳಿಗೆ ಶೂ ಮೇಲಿನ ಹೆಸರಾಗಿ ಗೊತ್ತಿರುವ ಮೈಕೆಲ್ ಜೋರ್ಡಾನ್ ಓದಿದ್ದು, ಆಡಿ ಬೆಳೆದದ್ದು ಅಲ್ಲೇ.

ಆ ವಿಶ್ವವಿದ್ಯಾಲಯದ ಆಟದ ಮನೆಗೆ 'ಡೀನ್ ಸ್ಮಿತ್ ಸೆಂಟರ್' ಎಂದು ಹೆಸರು. 1986ರಲ್ಲಿ ತೆರೆದದ್ದು. 21 ಸಾವಿರಕ್ಕೂ ಹೆಚ್ಚು ಜನ ಕೂರಬಹುದು. ಈಗ ಅದಕ್ಕೆ ವಯಸ್ಸಾಗಿದೆ. ಮುಂದೇನು ಎಂದು ಅಲ್ಲಿ ಕೆಲವು ವರ್ಷಗಳಿಂದ ದೊಡ್ಡ ಚರ್ಚೆ. ಇರುವುದನ್ನೇ ರಿಪೇರಿ ಮಾಡೋಣ ಎನ್ನುವವರು ಒಂದು ಕಡೆ. ಕ್ಯಾಂಪಸ್ಸಿನೊಳಗೇ ಬೇರೆ ಜಾಗದಲ್ಲಿ ಹೊಸದು ಕಟ್ಟೋಣ ಎನ್ನುವವರು ಇನ್ನೊಂದು ಕಡೆ. ಬೇಡ, ಊರ ಹೊರಗೆ ಹಳೆಯ ವಿಮಾನ ನಿಲ್ದಾಣವಿದ್ದ 'ಕೆರೊಲಿನಾ ನಾರ್ತ್' ಎಂಬಲ್ಲಿ ಬೇಕಾದಷ್ಟು ಜಾಗವಿದೆ, ಅಂಗಡಿ ಹೋಟೆಲುಗಳ ಸಮೇತ ಅಲ್ಲೇ ಕಟ್ಟೋಣ ಎನ್ನುವವರು ಮತ್ತೊಂದು ಕಡೆ. ಹಾಸ್ಟೆಲ್ಲಿನಿಂದ ನಡೆದು ಹೋಗಿ ಕೂಗಾಡಿ ಬರುವ ಹುಡುಗ ಹುಡುಗಿಯರು ಅಷ್ಟು ದೂರ ಬರುತ್ತಾರೆಯೇ ಎಂಬುದು ಆ ಚರ್ಚೆಯ ತಿರುಳು.

ಒಂದು ಸಂಗತಿ ಹೇಳಿ ಮುಂದೆ ಹೋಗುತ್ತೇನೆ. ಜೋರ್ಡಾನ್ ಆ ವಿಶ್ವವಿದ್ಯಾಲಯಕ್ಕೆ ಆಡಿದ್ದು 1981ರಿಂದ 1984ರವರೆಗೆ. ಅಂದರೆ ಈ ದೊಡ್ಡ ಮನೆ ತೆರೆಯುವ ಮೊದಲೇ ಅವರು ಹೊರಟು ಹೋಗಿದ್ದರು. ಅವರು ಆಡಿದ್ದು ಅದಕ್ಕಿಂತ ಬಹಳ ಚಿಕ್ಕದಾದ 'ಕಾರ್ಮೈಕೇಲ್' ಎಂಬ ಹಳೆಯ ಕಟ್ಟಡದಲ್ಲಿ. ದೊಡ್ಡ ಮನೆಯಾದ ಮೇಲೆ ಅಂಕಣಕ್ಕೆ ಹತ್ತಿರದ ಒಳ್ಳೆಯ ಸೀಟುಗಳ ಹಕ್ಕು ಬಹುಪಾಲು ಹೋದದ್ದು, ಕಟ್ಟಲು ಹಣ ಕೊಟ್ಟ ದಾನಿಗಳಿಗೆ. ಗಲಾಟೆ ಮಾಡುವ ವಿದ್ಯಾರ್ಥಿಗಳು ದೂರವಾದರು ಎಂಬ ಗೊಣಗಾಟ ಅಂದಿನಿಂದಲೂ ಇದೆ.

ಇಷ್ಟು ದೂರದ ಜಗಳ ನಮಗೇಕೆ ಎಂದು ಅಜ್ಜ ಕೇಳಬಹುದು. ಜಗಳ ದೂರದ್ದು, ಪ್ರಶ್ನೆ ನಮ್ಮದೇ. ನಂಜನಗೂಡಿನಲ್ಲಿ, ತಿ.ನರಸೀಪುರದಲ್ಲಿ ಸರ್ಕಾರಿ ಪ್ರಥಮದರ್ಜೆ ಕಾಲೇಜುಗಳಿವೆ. ಅವು ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದವು. ನಾಳೆ ಮೈಸೂರು ವಿಶ್ವವಿದ್ಯಾಲಯಕ್ಕೆ ಒಂದು ಒಳ್ಳೆಯ ಬ್ಯಾಸ್ಕೆಟ್‌ಬಾಲ್ ಒಳಾಂಗಣ ಕಟ್ಟುವ ಮನಸ್ಸಾದರೆ ಅದು ಎಲ್ಲಿರಬೇಕು? ಮಾನಸಗಂಗೋತ್ರಿಯ ಒಳಗೋ, ರಿಂಗ್ ರೋಡಿನ ಆಚೆಗೋ, ಕಪಿಲೆಯ ದಡದ ನಮ್ಮ ಊರುಗಳಲ್ಲೋ? ಇದನ್ನು ಮನೆಯಲ್ಲಿ ಊಟಕ್ಕೆ ಕೂತಾಗ ಕೇಳಿ ನೋಡಿ. ಅಜ್ಜಿಗೊಂದು, ಅಪ್ಪನಿಗೊಂದು, ನಿಮಗೊಂದು ಉತ್ತರ ಇರುತ್ತದೆ.

ಮೊದಲು ಲೆಕ್ಕ. ಬ್ಯಾಸ್ಕೆಟ್‌ಬಾಲ್ ಅಂಕಣ ಉದ್ದ 28 ಮೀಟರ್, ಅಗಲ 15 ಮೀಟರ್. ಗುಣಿಸಿದರೆ 420 ಚದರ ಮೀಟರ್. ಒಂದು ಗುಂಟೆ ಎಂದರೆ ಸುಮಾರು 101 ಚದರ ಮೀಟರ್ ಆದ್ದರಿಂದ ನಾಲ್ಕು ಗುಂಟೆಗಿಂತ ಚೂರು ಹೆಚ್ಚು. ಓಡಿ ಬಂದವರು ಗೋಡೆಗೆ ಗುದ್ದಿಕೊಳ್ಳದಂತೆ ಸುತ್ತ 2 ಮೀಟರ್ ಬಿಡಬೇಕು. ಆಗ 32 ಮೀಟರ್, 19 ಮೀಟರ್. ಅಂದರೆ 608 ಚದರ ಮೀಟರ್, ಸರಿಯಾಗಿ ಆರು ಗುಂಟೆ. ನಮ್ಮ ಕಡೆ ಹಳೆಯ ಕಾಲದ ಕಣವನ್ನು ನೋಡಿದವರಿಗೆ ಇದೇನು ದೊಡ್ಡ ಜಾಗವಲ್ಲ. ಮೇಲೆ ಮಾತ್ರ ಎತ್ತರ ಬೇಕು. ಚೆಂಡು ಹೋಗುವ ಉಂಗುರವೇ ನೆಲದಿಂದ 3.05 ಮೀಟರ್, ಹತ್ತು ಅಡಿ ಎತ್ತರದಲ್ಲಿರುತ್ತದೆ. ಸೂರು ಕನಿಷ್ಠ 7 ಮೀಟರ್ ಮೇಲಿರಬೇಕು.

ಹತ್ತು ಅಡಿಯೇ ಏಕೆ ಎಂದು ಕೇಳಿದಿರಾ? 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರು ಹುಡುಗರಿಗೆ ಚಳಿಗಾಲದಲ್ಲಿ ಒಳಗೇ ಆಡುವ ಆಟವೊಂದನ್ನು ಹುಡುಕುತ್ತಿದ್ದರು. ಹೊರಗೆ ಹಿಮ. ವ್ಯಾಯಾಮ ಶಾಲೆಯ ಒಳಗೆ ಮೇಲುಪ್ಪರಿಗೆಯ ಕಟಕಟೆಗೆ ಹಣ್ಣಿನ ಎರಡು ಬುಟ್ಟಿ ಹೊಡೆಸಿದರು. ಆ ಕಟಕಟೆ ಇದ್ದದ್ದು ಹತ್ತು ಅಡಿ ಎತ್ತರದಲ್ಲಿ. ಬುಟ್ಟಿ ಹೋಯಿತು, ಉಂಗುರ ಬಂತು, ಎತ್ತರ ಹಾಗೇ ಉಳಿಯಿತು. ಅಂದರೆ ಇದು ಹುಟ್ಟಿದ್ದೇ ಸೂರಿನ ಕೆಳಗೆ. ನಮ್ಮಲ್ಲಿ ಹಿಮ ಇಲ್ಲ ನಿಜ. ಆದರೆ ಏಪ್ರಿಲ್, ಮೇ ತಿಂಗಳ ಬಿಸಿಲು, ಸಂಜೆಯಾದರೆ ಗುಡುಗಿನ ಮಳೆ, ಮತ್ತೆ ದಸರೆಯ ಹೊತ್ತಿಗೆ ಸುರಿಯುವ ಮಳೆ ಇವೆ. ಒದ್ದೆ ಸಿಮೆಂಟಿನ ಮೇಲೆ ಜಾರಿ ಮೊಣಕಾಲು ತರಚಿಕೊಂಡವರಿಗೆ ಸೂರು ಏಕೆ ಬೇಕೆಂದು ಹೇಳಿಕೊಡಬೇಕಾಗಿಲ್ಲ.

ಅಂಕಣಕ್ಕೆ ಆರೇ ಗುಂಟೆ ಸಾಕಾದರೆ ಜಗಳ ಎಲ್ಲಿಂದ ಬರುತ್ತದೆ? ನೋಡುವವರಿಂದ. ಸೀಟು ಬೇಕು, ಮೆಟ್ಟಿಲು ಬೇಕು, ಶೌಚಾಲಯ ಬೇಕು, ಆಂಬುಲೆನ್ಸ್ ಬರಲು ದಾರಿ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಕಾರು ನಿಲ್ಲಿಸಲು ಜಾಗ ಬೇಕು. ಒಂದು ಕಾರು ಒಳಬಂದು, ನಿಂತು, ತಿರುಗಿ ಹೋಗಲು ಸುಮಾರು 25 ಚದರ ಮೀಟರ್ ಹಿಡಿಯುತ್ತದೆ. ಸಾವಿರ ಕಾರಿಗೆ 25 ಸಾವಿರ ಚದರ ಮೀಟರ್, ಆರು ಎಕರೆಗೂ ಮೇಲು. ಆರು ಎಕರೆ ಎಂದರೆ 240 ಗುಂಟೆ. ಅಷ್ಟರಲ್ಲಿ ನಲವತ್ತು ಅಂಕಣ ಹಾಕಬಹುದು! ಹಾಗಾಗಿ ಕ್ರೀಡಾಂಗಣಕ್ಕೆ ಜಾಗ ಸಾಲದು ಎಂದು ಯಾರಾದರೂ ಹೇಳಿದರೆ, ಆಟಕ್ಕೆ ಸಾಲದೋ ಕಾರಿಗೆ ಸಾಲದೋ ಎಂದು ತಿರುಗಿ ಕೇಳಬೇಕು.

ಈ ವಿಷಯದಲ್ಲಿ ಅಜ್ಜಂದಿರು ನಮಗಿಂತ ಬುದ್ಧಿವಂತರು. ಏಕೆಂದರೆ ಅವರು ಗರಡಿಮನೆ ಕಂಡವರು. ಮೈಸೂರಿನ ಎಷ್ಟೋ ಮೊಹಲ್ಲಾಗಳಲ್ಲಿ, ನಂಜನಗೂಡಿನ ಬೀದಿಗಳಲ್ಲಿ ಗರಡಿಮನೆಗಳಿದ್ದವು, ಕೆಲವು ಈಗಲೂ ಇವೆ. ತಗ್ಗು ಬಾಗಿಲು, ಒಳಗೆ ಕೆಮ್ಮಣ್ಣಿನ ಮಟ್ಟಿ, ಗೋಡೆಗೆ ಒರಗಿಸಿದ ಗದೆ, ಮೂಲೆಯಲ್ಲಿ ಹನುಮಂತನ ಪಟ. ಇಷ್ಟೇ. ಒಬ್ಬರಿಗೂ ಸೀಟಿಲ್ಲ. ಬೆಳಗಿನ ಜಾವ ಎದ್ದು ಹುಡುಗ ನಾಲ್ಕು ಹೆಜ್ಜೆ ನಡೆದರೆ ಗರಡಿ ಸಿಗುತ್ತಿತ್ತು. ಅಲ್ಲಿ ಪಳಗಿದವರು ಜಾತ್ರೆಯ ಅಖಾಡಕ್ಕೆ ಇಳಿಯುತ್ತಿದ್ದರು, ಅಲ್ಲಿ ಗೆದ್ದವರು ದಸರಾ ಕುಸ್ತಿಗೆ ಹೋಗುತ್ತಿದ್ದರು. ಇವತ್ತಿಗೂ ಸುತ್ತೂರು ಜಾತ್ರೆಯಲ್ಲಿ ಕುಸ್ತಿ ನಡೆಯುತ್ತದೆ. ದಸರೆಯಲ್ಲಿ ಮೈಸೂರಿನ ದೊಡ್ಡಕೆರೆ ಮೈದಾನದ ಡಿ.ದೇವರಾಜ ಅರಸು ಕ್ರೀಡಾಂಗಣದಲ್ಲಿ ಕುಸ್ತಿ ನೋಡಲು ಜನ ತುಂಬಿ ತುಳುಕುತ್ತಾರೆ. ಆದರೆ ಪೈಲ್ವಾನ ತಯಾರಾಗುವುದು ಆ ದೊಡ್ಡ ಅಖಾಡದಲ್ಲಿ ಅಲ್ಲ. ಅಲ್ಲಿ ಅವನು ತೊಡೆ ತಟ್ಟುವುದಷ್ಟೇ. ತಯಾರಾಗುವುದು ಬೀದಿಯ ಗರಡಿಯಲ್ಲಿ.

ಚಾಪೆಲ್ ಹಿಲ್ಲಿನವರ ಮಾತು ಹೆಚ್ಚಾಗಿ ಅಖಾಡದ ಸುತ್ತ. ಅವರಿಗೆ ಗರಡಿ ಎಲ್ಲೆಲ್ಲೂ ಇದೆ. ಮನೆಯ ಶೆಡ್ಡಿನ ಬಾಗಿಲ ಮೇಲೆ ಉಂಗುರ ಹೊಡೆದುಕೊಂಡು ಆಡುವ ಜನ ಅವರು. ನಮಗೆ ಅಖಾಡದ ಜತೆಗೆ ಗರಡಿಯೂ ಬೇಕು. ಈ ವ್ಯತ್ಯಾಸ ನೆನಪಿಟ್ಟುಕೊಂಡು ಮೈಸೂರಿಗೆ ಬರೋಣ.

ಮೈಸೂರು ವಿಶ್ವವಿದ್ಯಾಲಯ ಆರಂಭವಾದದ್ದು 1916ರ ಜುಲೈ 27ರಂದು. ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರು. ಮೊದಲ ದಿನದಿಂದಲೇ ಅದಕ್ಕೆ 'ಎಲ್ಲಿ' ಎಂಬ ಪ್ರಶ್ನೆ ಅಂಟಿಕೊಂಡಿತ್ತು. ಕೇಂದ್ರ ಕಚೇರಿ ಮೈಸೂರಿನಲ್ಲಿ, ಮಹಾರಾಜ ಕಾಲೇಜು ಮೈಸೂರಿನಲ್ಲಿ, ಸೆಂಟ್ರಲ್ ಕಾಲೇಜು ಮಾತ್ರ ಬೆಂಗಳೂರಿನಲ್ಲಿ. ಒಂದು ವಿಶ್ವವಿದ್ಯಾಲಯ ಎರಡು ಊರಿನಲ್ಲಿ ಕಾಲಿಟ್ಟುಕೊಂಡು ದಶಕಗಳ ಕಾಲ ನಡೆಯಿತು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಬೇರೆಯಾಯಿತು. ಅಷ್ಟರೊಳಗೆ ಮೈಸೂರಿನಲ್ಲಿ ದೊಡ್ಡ ಕೆಲಸವೊಂದು ಆಗಿತ್ತು. 1956ರಿಂದ 1960ರವರೆಗೆ ಕುಲಪತಿಗಳಾಗಿದ್ದ ಕುವೆಂಪು ಅವರು ಸ್ನಾತಕೋತ್ತರ ವಿಭಾಗಗಳಿಗೆಲ್ಲ ಕುಕ್ಕರಹಳ್ಳಿ ಕೆರೆಯ ಪಕ್ಕದಲ್ಲಿ ಹೊಸ ಕ್ಯಾಂಪಸ್ ಮಾಡಿಸಿ 'ಮಾನಸಗಂಗೋತ್ರಿ' ಎಂದು ಹೆಸರಿಟ್ಟರು. ಕುಲಪತಿ ಜಾಗ ಆರಿಸುವಾಗ ಕೆರೆಯನ್ನು ಮುಚ್ಚಿ ಕಟ್ಟಲಿಲ್ಲ, ಕೆರೆಯ ಪಕ್ಕದಲ್ಲಿ ಕಟ್ಟಿದರು ಎಂಬುದನ್ನು ಗುರುತು ಹಾಕಿಕೊಳ್ಳಿ. ಮುಂದೆ ಬೇಕಾಗುತ್ತದೆ.

ಆ ಮಾನಸಗಂಗೋತ್ರಿಯೊಳಗೆ ಒಂದು ಚೆಂದದ ಮೈದಾನವಿದೆ. 'ಗಂಗೋತ್ರಿ ಗ್ಲೇಡ್ಸ್' ಎಂದು ಹೆಸರಾಗಿದ್ದದ್ದು, ಈಗ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಮೈದಾನ. ಜಾಗ ವಿಶ್ವವಿದ್ಯಾಲಯದ್ದು, ಮೈದಾನ ನೋಡಿಕೊಳ್ಳುವುದು ರಾಜ್ಯ ಕ್ರಿಕೆಟ್ ಸಂಸ್ಥೆ. ಸುತ್ತ ಮರಗಳು, ಹಸಿರು. 2010ರ ಜನವರಿಯಲ್ಲಿ ಅಲ್ಲಿ ರಣಜಿ ಟ್ರೋಫಿ ಫೈನಲ್ ನಡೆಯಿತು. ಕರ್ನಾಟಕ, ಮುಂಬೈ. ಕಾಯಂ ಗ್ಯಾಲರಿ ಇಲ್ಲದ ಮೈದಾನಕ್ಕೆ ತಾತ್ಕಾಲಿಕ ಗ್ಯಾಲರಿ ಹಾಕಿದರು. ಮುಂಬೈ 233 ಮತ್ತು 234. ಕರ್ನಾಟಕ ಮೊದಲ ಸಲ ಬರೀ 130. ಗೆಲ್ಲಲು 338 ಬೇಕಿತ್ತು. ಮನೀಶ್ ಪಾಂಡೆ 144 ಬಾರಿಸಿದರು. ಕಾಲೇಜು ಹುಡುಗರು ತರಗತಿ ಬಿಟ್ಟು ಬಂದು ಕೂತರು, ಜಾಗ ಸಿಗದವರು ಮರ ಹತ್ತಿದರು. ಕೊನೆಗೆ ಕರ್ನಾಟಕ 331ಕ್ಕೆ ಮುಗಿಯಿತು. ಆರೇ ಆರು ರನ್ನಿನಿಂದ ಸೋಲು! ಅಂದು ನೋಡಿದವರು ಇಂದಿಗೂ ಆ ಆರು ರನ್ನಿನ ಲೆಕ್ಕ ಹಾಕುತ್ತಾರೆ.

ಆ ಪಂದ್ಯ ಊರ ಹೊರಗೆ ಎಲ್ಲೋ ಹೊಲದ ನಡುವಿನ ಭಾರಿ ಕ್ರೀಡಾಂಗಣದಲ್ಲಿ ನಡೆದಿದ್ದರೆ ಅಷ್ಟು ವಿದ್ಯಾರ್ಥಿಗಳು ಬರುತ್ತಿದ್ದರೇ? ನನಗೆ ಅನುಮಾನ. ಹಾಸ್ಟೆಲ್ಲಿನಿಂದ, ತರಗತಿಯಿಂದ, ಲೈಬ್ರರಿಯಿಂದ ನಡೆದು ಬರುವಷ್ಟು ಹತ್ತಿರ ಇತ್ತು, ಅದಕ್ಕೇ ತುಂಬಿತು. ಕ್ಯಾಂಪಸ್ಸಿನೊಳಗೇ ಇರಲಿ ಎನ್ನುವವರ ಬಲವಾದ ವಾದ ಇದೇ.

ಎದುರು ವಾದವೂ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ವಿಶ್ವವಿದ್ಯಾಲಯದ ಇನ್ನೊಂದು ಮೈದಾನ, ಮಹಾರಾಜ ಕಾಲೇಜು ಮೈದಾನ, ಊರಿನ ನಟ್ಟ ನಡುವೆ ಇದೆ. ಯುವ ದಸರಾ ಎಷ್ಟೋ ವರ್ಷ ಅಲ್ಲೇ ನಡೆಯಿತು. ರಾತ್ರಿ ಸಂಗೀತ, ಲಕ್ಷಾಂತರ ವ್ಯಾಟ್ ಸದ್ದು, ಸುತ್ತ ವಾಹನಗಳ ಜಾತ್ರೆ. ವೇದಿಕೆಗೆ ಗುಂಡಿ ತೋಡಿ ಕಂಬ ನೆಟ್ಟ ಮೈದಾನದಲ್ಲಿ ಮರುದಿನ ಓಡುವವರ ಪಾಡು ಬೇರೆ. 2024ರಲ್ಲಿ ಯುವ ದಸರಾವನ್ನು ಉತ್ತನಹಳ್ಳಿಯ ಬಳಿಗೆ ಸಾಗಿಸಿದರು. ಚಾಮುಂಡಿ ಬೆಟ್ಟದ ಆ ಬದಿ, ರಿಂಗ್ ರೋಡಿನ ಹತ್ತಿರ, ನಂಜನಗೂಡು ರಸ್ತೆಗೂ ತಿ.ನರಸೀಪುರ ರಸ್ತೆಗೂ ನಡುವೆ. ಸ್ವಂತ ವಾಹನ ಇದ್ದವರಿಗೆ ಅನುಕೂಲವಾಯಿತು, ನಡೆದು ಬರುತ್ತಿದ್ದ ಕಾಲೇಜು ಮಕ್ಕಳಿಗೆ ದೂರವಾಯಿತು. ವರ್ಷಕ್ಕೆ ಐದಾರು ದಿನದ ಕಾರ್ಯಕ್ರಮಕ್ಕೆ ಅದು ಸರಿಯೇ. ದಿನಾ ಸಂಜೆ ಅಭ್ಯಾಸ ಮಾಡುವ ಜಾಗಕ್ಕೆ ಅದೇ ಅಳತೆ ಹಿಡಿಯಬಾರದು.

ಜಾಗ ಹುಡುಕುವವರ ಬಾಯಲ್ಲಿ ಬಹಳ ಓಡಾಡುವ ಮಾತು 'ಖಾಲಿ ಜಾಗ'. ಖಾಲಿ ಜಾಗ ಎಂದರೇನು ಎಂದು ತಿಳಿಯಬೇಕಾದರೆ ಬೆಂಗಳೂರಿಗೆ ಹೋಗಬೇಕು. ರಾಜ್ಯದಲ್ಲಿ ಬ್ಯಾಸ್ಕೆಟ್‌ಬಾಲ್‌ಗೆ ಹೆಸರಾದ ಒಳಾಂಗಣ ಅಲ್ಲಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣ. 1990ರ ದಶಕದಲ್ಲಿ ಕಟ್ಟಿದ್ದು, ಸುಮಾರು 4,000 ಜನ ಕೂರಬಹುದು. 2017ರ ಜುಲೈನಲ್ಲಿ ಅಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆದಾಗ ಬಿ ವಿಭಾಗದ ಫೈನಲ್‌ನಲ್ಲಿ ನಮ್ಮ ಹುಡುಗಿಯರು ಕಜಕಸ್ತಾನವನ್ನು 75-73ರಿಂದ ಸೋಲಿಸಿ ಎ ವಿಭಾಗಕ್ಕೆ ಏರಿದರು. ಎರಡೇ ಅಂಕದ ಗೆಲುವು. ಸೂರು ಹಾರಿಹೋಗುವಷ್ಟು ಕೂಗು ಕೇಳಿಸಿರಬೇಕು.

ಆ ಸೂರಿನ ಕೆಳಗೆ, ನೆಲದ ಕೆಳಗೆ, ಒಂದು ಕೆರೆಯಿದೆ. ಇದ್ದದ್ದು ಅನ್ನಬೇಕು. ಸಂಪಂಗಿ ಕೆರೆ. ಆ ನೀರಿನಿಂದ ತೋಟ ಬೆಳೆದರು, ಕುಂಬಾರರು ಅಲ್ಲಿಯ ಮಣ್ಣು ತಂದರು, ದನ ಕರು ಮೇಯುತ್ತಿದ್ದವು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂದ ಮೇಲೆ ಊರಿನ ದೊಡ್ಡವರಿಗೆ ಈ ಕೆರೆಯ ನೀರು ಬೇಡವಾಯಿತು. ಕುದುರೆ ಮೇಲೆ ಕೂತು ಪೋಲೊ ಆಡುವವರಿಗೆ ಒಣ ನೆಲ ಬೇಕಿತ್ತು, ತೋಟದವರಿಗೆ ನೀರು ಬೇಕಿತ್ತು. ಯಾರು ಗೆದ್ದರು ಎಂದು ಹೇಳಬೇಕಾಗಿಲ್ಲ. ಒಣಗಿದ ಮೇಲೆ ಅದು 'ಖಾಲಿ ಜಾಗ' ಆಯಿತು, ಕ್ರೀಡಾಂಗಣ ಬಂತು. ಇವತ್ತು ಕರಗದ ಸಂಪ್ರದಾಯಕ್ಕೆಂದು ಉಳಿಸಿಕೊಂಡ ಒಂದು ಪುಟ್ಟ ಕೊಳ ಮಾತ್ರ ಅಲ್ಲಿದೆ. ಇದೊಂದೇ ಅಲ್ಲ. ಬೆಂಗಳೂರಿನ ಫುಟ್‌ಬಾಲ್ ಕ್ರೀಡಾಂಗಣ ಶೂಲೆ ಕೆರೆಯ ಮೇಲೆ, ಹಾಕಿ ಕ್ರೀಡಾಂಗಣ ಅಕ್ಕಿತಿಮ್ಮನಹಳ್ಳಿ ಕೆರೆಯ ಮೇಲೆ. ಮೂರು ಆಟಕ್ಕೆ ಮೂರು ಕೆರೆ.

ಮೈಸೂರಿನವರು ನಗಬೇಡಿ. ದಸರಾ ಕುಸ್ತಿ ನಡೆಯುವ ಜಾಗದ ಹೆಸರು ಇನ್ನೊಮ್ಮೆ ಓದಿ: ದೊಡ್ಡಕೆರೆ ಮೈದಾನ. ರೈಲು ನಿಲ್ದಾಣದ ಹತ್ತಿರದ ಜೆ.ಕೆ. ಮೈದಾನದ ಪೂರ್ತಿ ಹೆಸರು ಜೀವರಾಯನಕಟ್ಟೆ ಮೈದಾನ. ಕೆರೆ ಹೋಯಿತು, ಕಟ್ಟೆ ಹೋಯಿತು, ಹೆಸರು ಮಾತ್ರ ಸಾಕ್ಷಿಗೆ ನಿಂತಿದೆ. ಅದಕ್ಕೇ ಕುಕ್ಕರಹಳ್ಳಿ ಕೆರೆಯನ್ನು ಕೆರೆಯಾಗಿಯೇ ಬಿಟ್ಟದ್ದು ದೊಡ್ಡದು ಎಂದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಆದ ಆ ಕೆರೆಯ ಏರಿಯ ಮೇಲೆ ಈಗಲೂ ಬೆಳಗ್ಗೆ ಅಜ್ಜಂದಿರು ನಡೆಯುತ್ತಾರೆ, ಹೆಜ್ಜಾರ್ಲೆಗಳು ಮರದ ಮೇಲೆ ಕೂತು ಅವರನ್ನು ನೋಡುತ್ತವೆ. ಮಾನಸಗಂಗೋತ್ರಿಯಲ್ಲಿ ಏನೇ ಕಟ್ಟಿದರೂ ಆ ಕೆರೆಗೆ ಹರಿದು ಬರುವ ನೀರಿನ ದಾರಿಗೆ ಅಡ್ಡ ಬರಬಾರದು, ರಾತ್ರಿಯ ದೀಪ ಆ ಹಕ್ಕಿಗಳ ನಿದ್ದೆ ಕೆಡಿಸಬಾರದು. ಇದು ನನ್ನ ಮೊದಲ ಷರತ್ತು.

ಹಾಗಾದರೆ ನಮ್ಮ ಊರುಗಳಲ್ಲೇ ಕಟ್ಟಲಿ ಎನ್ನುವಿರಾ? ನಂಜನಗೂಡಿನಲ್ಲಿ ಕಪಿಲೆಯ ದಡ ಬೇಸಿಗೆಯಲ್ಲಿ ನೋಡಿದರೆ ಎಷ್ಟು ವಿಶಾಲ, ಎಷ್ಟು 'ಖಾಲಿ'! ಆದರೆ 2018ರಲ್ಲಿ, ಮತ್ತೆ 2019ರಲ್ಲಿ ಕಬಿನಿ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಏನಾಯಿತೆಂದು ಊರಿನವರಿಗೆ ಗೊತ್ತು. ಸ್ನಾನಘಟ್ಟ ಮುಳುಗಿತು, ಹದಿನಾರು ಕಾಲು ಮಂಟಪ ನೀರಿನಲ್ಲಿ ನಿಂತಿತು, ಮಲ್ಲನಮೂಲೆ ಮಠದ ಹತ್ತಿರ ಮೈಸೂರಿನ ಹೆದ್ದಾರಿಯ ಮೇಲೇ ನೀರು ಹರಿದು ಸಂಚಾರ ನಿಂತಿತು. ಮರದ ಹಲಗೆ ಹಾಸಿದ ಅಂಕಣಕ್ಕೆ ಒಂದು ಸಲ ನೀರು ನುಗ್ಗಿದರೆ ಹಲಗೆ ಉಬ್ಬಿ ಏಳುತ್ತದೆ, ಮತ್ತೆ ಆಡುವ ಹಾಗಿಲ್ಲ. ನದಿ ತನ್ನ ಜಾಗವನ್ನು ವರ್ಷಗಟ್ಟಲೆ ಬಿಟ್ಟು ಕೊಟ್ಟ ಹಾಗೆ ಕಾಣಬಹುದು, ಬರೆದು ಕೊಟ್ಟಿರುವುದಿಲ್ಲ.

ಕಪಿಲೆ ನಂಜನಗೂಡನ್ನು ದಾಟಿ, ಸುತ್ತೂರನ್ನು ಸವರಿಕೊಂಡು ತಿರುಮಕೂಡಲಿಗೆ ಹೋಗಿ ಕಾವೇರಿಯನ್ನು ಸೇರುತ್ತಾಳೆ. ತಿ.ನರಸೀಪುರದವರು ಜನಸಾಗರವನ್ನು ನಿಭಾಯಿಸುವ ಇನ್ನೊಂದು ದಾರಿ ತೋರಿಸಿದ್ದಾರೆ. 1989ರಿಂದ ಅಲ್ಲಿ ಕುಂಭಮೇಳ ನಡೆಯುತ್ತಿದೆ, ಕೊನೆಯದಾಗಿ ನಡೆದದ್ದು 2025ರ ಫೆಬ್ರುವರಿಯಲ್ಲಿ. ಸಂಗಮದ ಮರಳಿನ ಮೇಲೆ ವೇದಿಕೆ, ನೀರಿಗೆ ಅಡ್ಡಲಾಗಿ ತಾತ್ಕಾಲಿಕ ಸೇತುವೆ, ಪೆಂಡಾಲು, ಅನ್ನ ದಾಸೋಹ. ಮೂರು ದಿನ ಆದಮೇಲೆ ಎಲ್ಲ ಬಿಚ್ಚಿ ಕಟ್ಟಿಕೊಂಡು ಹೋಗುತ್ತಾರೆ, ಗುಂಜಾ ನರಸಿಂಹಸ್ವಾಮಿ ದೇವಸ್ಥಾನದ ಮುಂದೆ ಹೊಳೆ ಮೊದಲಿನ ಹಾಗೇ ಹರಿಯುತ್ತದೆ. ಅಪರೂಪಕ್ಕೆ ಬರುವ ಜನಸಂದಣಿಗೆ ಕಾಯಂ ಕಟ್ಟಡ ಬೇಕೆಂದೇನೂ ಇಲ್ಲ. ಗಂಗೋತ್ರಿ ಗ್ಲೇಡ್ಸ್‌ನಲ್ಲಿ ರಣಜಿ ಫೈನಲ್ ಆದದ್ದೂ ಹಾಗೆಯೇ ಅಲ್ಲವೇ?

ದಿನಾ ಆಡುವವರ ಕಡೆಗೆ ಈಗ ತಿರುಗೋಣ. ನಂಜನಗೂಡಿನಿಂದ ಮೈಸೂರಿಗೆ 25 ಕಿಲೋಮೀಟರ್ ಒಳಗೆ, ತಿ.ನರಸೀಪುರದಿಂದ ಸುಮಾರು 30. ಎರಡೂ ಕಡೆಯ ಬಸ್ಸು ನಿಲ್ಲುವುದು ಸಬರ್ಬನ್ ಬಸ್ ನಿಲ್ದಾಣದಲ್ಲಿ, ಊರಿನ ಪೂರ್ವದ ಕಡೆ. ಮಾನಸಗಂಗೋತ್ರಿ ಇರುವುದು ಪಶ್ಚಿಮಕ್ಕೆ. ಅಂದರೆ ಇಳಿದು ಸಿಟಿ ಬಸ್ ನಿಲ್ದಾಣಕ್ಕೆ ನಡೆದು ಇನ್ನೊಂದು ಬಸ್ಸು ಹಿಡಿಯಬೇಕು. ನಜರ್‌ಬಾದಿನ ಚಾಮುಂಡಿ ವಿಹಾರ ಕ್ರೀಡಾಂಗಣಕ್ಕಾದರೆ ಅದೇ ನಿಲ್ದಾಣದಿಂದ ನಡೆದೇ ಹೋಗಬಹುದು, ಆದರೆ ಅದು ಸರ್ಕಾರದ ಕ್ರೀಡಾ ಇಲಾಖೆಯದು, ವಿಶ್ವವಿದ್ಯಾಲಯದ್ದಲ್ಲ. ನಂಜನಗೂಡಿನವರಿಗೆ ಚಾಮರಾಜನಗರದ ರೈಲೂ ಇದೆ. ಮೈಸೂರು ರೈಲು ನಿಲ್ದಾಣ ಮಾನಸಗಂಗೋತ್ರಿಗೆ ಸ್ವಲ್ಪ ಹತ್ತಿರ. ತಿ.ನರಸೀಪುರದವರಿಗೆ ಆ ಭಾಗ್ಯ ಇಲ್ಲ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಹಣ ಇಲ್ಲ. ಇದರಿಂದ ಒಂದು ಅಡ್ಡಿ ಹೋಯಿತು. ಉಳಿದ ಅಡ್ಡಿ ಹೊತ್ತಿನದು. ಕಾಲೇಜು ನಾಲ್ಕಕ್ಕೆ ಬಿಟ್ಟರೆ, ಮಾನಸಗಂಗೋತ್ರಿ ತಲುಪುವಾಗ ಐದೂವರೆ ಆರು. ಎರಡು ಗಂಟೆ ಆಡಿದರೆ ಎಂಟು. ಮತ್ತೆ ಎರಡು ಬಸ್ಸು. ಹಳ್ಳಿಯ ಕೊನೆಯ ಬಸ್ಸು ಅಷ್ಟು ಹೊತ್ತಿಗೆ ಹೋಗಿಬಿಟ್ಟರೆ? 'ನಾಳೆಯಿಂದ ಬೇಡ ಕಂದ' ಎಂದು ಅಜ್ಜಿ ಅಂದುಬಿಡುತ್ತಾರೆ, ಅಜ್ಜಿಯನ್ನು ತಪ್ಪು ಎನ್ನಲೂ ಆಗುವುದಿಲ್ಲ. ಎಷ್ಟೇ ಒಳ್ಳೆಯ ಅಂಕಣ ಮೈಸೂರಿನಲ್ಲಿದ್ದರೂ ತಲಕಾಡು ರಸ್ತೆಯ ಹಳ್ಳಿಯ ಹುಡುಗಿಗೆ ಅದು ಸೀಟಿನಲ್ಲಿ ಕೂತು ನೋಡುವ ಜಾಗವಷ್ಟೇ ಆಗುತ್ತದೆ, ಆಡುವ ಜಾಗವಾಗುವುದಿಲ್ಲ.

ಅದಕ್ಕೇ ನನ್ನ ಲೆಕ್ಕ ಗರಡಿಯಿಂದ ಶುರುವಾಗುತ್ತದೆ. ನಂಜನಗೂಡಿನಲ್ಲೊಂದು, ತಿ.ನರಸೀಪುರದಲ್ಲೊಂದು ಆರು ಗುಂಟೆಯ ಅಂಕಣ, ಮೇಲೆ ತಗಡಿನ ಎತ್ತರದ ಸೂರು, ನಾಲ್ಕು ಕಡೆ ಗಾಳಿಗೆ ತೆರೆದದ್ದು, ನದಿಯ ನೆರೆ ಮುಟ್ಟದ ಕಡೆ, ಬಸ್ ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆಯೊಳಗೆ. ಮರದ ಹಲಗೆ ಬೇಡ, ಸಿಮೆಂಟಿನ ನೆಲ ಸಾಕು. ಇದಾದಮೇಲೆ ಅಖಾಡ. ಅದು ಮಾನಸಗಂಗೋತ್ರಿಯೊಳಗೇ ಇರಲಿ ಎನ್ನುತ್ತೇನೆ, ಕೆರೆಯಿಂದ ದೂರಕ್ಕೆ, ಇಪ್ಪತ್ತು ಸಾವಿರ ಸೀಟಿನ ಕನಸಿಲ್ಲದೆ. ಎರಡು ಮೂರು ಸಾವಿರ ಜನ ಕೂತರೆ ಸಾಕು. ಸಾವಿರ ಕಾರಿಗೆ ಜಾಗ ಬೇಡ, ಪಂದ್ಯದ ದಿನ ಸಬರ್ಬನ್ ನಿಲ್ದಾಣದಿಂದ ನಾಲ್ಕು ಬಸ್ಸು ಬಿಟ್ಟರೆ ಆಯಿತು. ಅಂಕಣದ ಪಕ್ಕದ ಮೊದಲ ಸಾಲುಗಳು ವಿದ್ಯಾರ್ಥಿಗಳಿಗೆ. ಚಾಪೆಲ್ ಹಿಲ್ಲಿನ ದಾನಿಗಳ ಕಥೆ ಇಲ್ಲಿ ಬೇಡ.

ಹೊಸತನ್ನು ಕಟ್ಟಿದರೆ ಮಾತ್ರ ಪ್ರತಿಷ್ಠೆ ಎನ್ನುವವರು ಕ್ಯಾನ್ಸಸ್ ವಿಶ್ವವಿದ್ಯಾಲಯವನ್ನು ನೋಡಲಿ. ಬುಟ್ಟಿ ಹೊಡೆಸಿದ ಆ ನೈಸ್ಮಿತ್ ಮೇಷ್ಟ್ರು ಮುಂದೆ ಪಾಠ ಹೇಳಿದ್ದು, ತಂಡ ಕಟ್ಟಿದ್ದು ಅಲ್ಲೇ. ಅವರ ಆಟದ ಮನೆ 'ಅಲೆನ್ ಫೀಲ್ಡ್‌ಹೌಸ್' 1955ರಲ್ಲಿ ಆದದ್ದು. ಇಂದಿಗೂ ಕ್ಯಾಂಪಸ್ಸಿನೊಳಗೆ ಅದೇ ಮನೆ, ಅದೇ ಕೂಗು. ನಮ್ಮಲ್ಲೂ ಹಳೆಯ ಒಳಾಂಗಣಗಳ ಸೂರು ಸೋರುವುದನ್ನು ಮೊದಲು ನಿಲ್ಲಿಸಿದರೆ ಅರ್ಧ ಚರ್ಚೆ ತಾನಾಗಿ ಮುಗಿಯಬಹುದೇನೋ.

ನನ್ನ ಮಾತನ್ನು ಒಪ್ಪಬೇಕಿಲ್ಲ. ಉತ್ತನಹಳ್ಳಿಯೇ ಸರಿ, ಎರಡೂ ತಾಲ್ಲೂಕಿಗೆ ಅದೇ ಹತ್ತಿರ ಎನ್ನುವವರು ಇರಬಹುದು. ಅವರ ಮಾತಿನಲ್ಲೂ ಹುರುಳಿದೆ. ಮಕ್ಕಳು ತಾವೇ ಅಳೆದು ನೋಡಲಿ. ಈ ಭಾನುವಾರ 32 ಮೀಟರಿನ ಒಂದು ಹಗ್ಗ, 19 ಮೀಟರಿನ ಇನ್ನೊಂದು ಹಗ್ಗ ತೆಗೆದುಕೊಂಡು ಅಜ್ಜನನ್ನೋ ಅಜ್ಜಿಯನ್ನೋ ಕರೆದುಕೊಂಡು ನಿಮ್ಮ ಊರಿನ 'ಖಾಲಿ ಜಾಗ'ಕ್ಕೆ ಹೋಗಿ. ಒಬ್ಬರು ಒಂದು ತುದಿ ಹಿಡಿಯಿರಿ. ಹಗ್ಗ ಎಳೆದ ಮೇಲೆ ಅದರೊಳಗೆ ಏನೇನಿದೆ ಎಂದು ಬರೆದುಕೊಳ್ಳಿ. ಹುಣಸೆಮರ ಇದೆಯೇ, ಯಾರಾದರೂ ರಾಗಿ ಒಣಗಲು ಹಾಕಿದ್ದಾರೆಯೇ, ದನ ಕಟ್ಟುವ ಗೂಟ ಇದೆಯೇ, ಮಳೆನೀರು ಹರಿದು ಹೋಗುವ ಕಾಲುವೆಯ ಗುರುತು ಇದೆಯೇ? ಆಮೇಲೆ ಅಜ್ಜನನ್ನು ಕೇಳಿ, ನೀವು ಚಿಕ್ಕವರಿದ್ದಾಗ ಇಲ್ಲಿ ಏನಿತ್ತು ಅಂತ.